ಎರಡು ಪ್ಯಾಕಿಂಗ್, ಒಂದು ಸೀಲ್, ಕೊನೆಗೊಂದು ಹೋಸ್: ಬಳ್ಳಾರಿಯ ಒಂದು ಆಯಿಲ್ ಲೀಕ್ ಪ್ರಕರಣ

ಈ ಪ್ರಕರಣದಲ್ಲಿ ನನ್ನ ಗ್ಯಾರೇಜಿನ ತಪ್ಪೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಬೇರೆಯವರ ಕೆಲಸಕ್ಕೆ ಹೆಸರಿಡೋಕೆ ಕೂತಿದ್ದಾನೆ ಅನ್ನಿಸಬಹುದು. ಮಾಲೀಕರ ಹೆಸರು, ಅವರ ಊರು, ಕಾರಿನ ಕಂಪನಿ, ಮೊದಲು ಕೆಲಸ ಮಾಡಿದ ಗ್ಯಾರೇಜು, ಯಾವುದನ್ನೂ ಇಲ್ಲಿ ಬರೆದಿಲ್ಲ. ಮಾಲೀಕರು ಶಾಲೆಯಲ್ಲಿ ಪಾಠ ಹೇಳುವವರು, ಹಾಗಾಗಿ ಮೇಷ್ಟ್ರು ಅಂತಲೇ ಕರೆಯುತ್ತೇನೆ. ಅಳತೆಗಳು ಮಾತ್ರ ನಮ್ಮ ಜಾಬ್ ಕಾರ್ಡಿನಲ್ಲಿ ಇದ್ದ ಹಾಗೇ ಇವೆ.

ಹಿನ್ನೆಲೆ

1.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಮೀಟರ್ 92,000 ಕಿಲೋಮೀಟರ್ ತೋರಿಸುತ್ತಿತ್ತು. ಮೇಷ್ಟ್ರು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬಳ್ಳಾರಿಯಿಂದ ಸಂಡೂರಿನ ಕಡೆ ದಿನಾ ಹೋಗಿ ಬರುವ ಕೆಲಸ. ಆ ದಾರಿ ಗೊತ್ತಿದ್ದವರಿಗೆ ಹೇಳಬೇಕಿಲ್ಲ: ಅದಿರಿನ ಲಾರಿಗಳ ಸಾಲು, ಕೆಂಪು ಧೂಳು. ಬಿಳಿ ಕಾರು ತಿಂಗಳಲ್ಲಿ ಬಿಳಿ ಅನ್ನೋದನ್ನು ಮರೆಯುತ್ತೆ. ಏರ್ ಫಿಲ್ಟರ್ ತೆಗೆದು ನೆಲಕ್ಕೆ ತಟ್ಟಿದರೆ ಕುಂಕುಮ ಉದುರಿದ ಹಾಗೆ ಉದುರುತ್ತೆ. ಅದರ ಮೇಲೆ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲು. ಬಾನೆಟ್ ಒಳಗಿನ ರಬ್ಬರು ಇಲ್ಲಿ ಬೇರೆ ಕಡೆಗಿಂತ ಬೇಗ ಮುದಿಯಾಗುತ್ತೆ.

ನಮ್ಮ ಹತ್ತಿರ ಬರುವ ಮೊದಲು ಎಂಟು ತಿಂಗಳಲ್ಲಿ ಎರಡು ಸಲ ಟ್ಯಾಪೆಟ್ ಕವರ್ ಪ್ಯಾಕಿಂಗ್, ಅಂದರೆ ಇಂಜಿನ್ ಮೇಲಿನ ಮುಚ್ಚಳದ ರಬ್ಬರ್ ಪಟ್ಟಿ, ಬದಲಾಗಿತ್ತು. ಎರಡನೇ ಸಲ ಪ್ಯಾಕಿಂಗ್ ಜೊತೆಗೆ ಸಿಲಿಕಾನ್ ಪೇಸ್ಟನ್ನೂ ಧಾರಾಳವಾಗಿ ಬಳಿದಿದ್ದರು. ಮೇಲಿನ ಲೀಕ್ ನಿಂತಿತು. ಎರಡು ವಾರಕ್ಕೆ ಕೆಳಗೆ, ಇಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆಯಿಂದ ತೊಟ್ಟಿಕ್ಕೋಕೆ ಶುರುವಾಯಿತು. ಮನೆ ಮುಂದಿನ ಕಡಪ ಕಲ್ಲಿನ ಮೇಲೆ ದಿನಾ ಬೆಳಿಗ್ಗೆ ಅಂಗೈಯಷ್ಟು ಕಲೆ. ಆಗ ನಮ್ಮಲ್ಲಿಗೆ ಬಂದರು.

ನಾನು ಗಾಡಿ ಎತ್ತಿಸಿ ಕೆಳಗಿನಿಂದ ನೋಡಿದೆ. ಫ್ಲೈವೀಲ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿದೆ ಅಂತ ಹೇಳಿದೆ, ಇಂಜಿನ್ನಿನ ತಿರುಗುವ ಶಾಫ್ಟು ಗೇರ್‌ಬಾಕ್ಸ್ ಕಡೆ ಹೊರಬರುವಲ್ಲಿ ಎಣ್ಣೆ ತಡೆಯುವ ರಬ್ಬರ್ ಬಳೆ ಅದು. 92,000 ಓಡಿದ ಗಾಡಿಗೆ ಅದು ಆಗದ ಮಾತಲ್ಲ. ಗೇರ್‌ಬಾಕ್ಸ್ ಇಳಿಸಿದೆವು, ಸೀಲ್ ಹಾಕಿದೆವು, ಕ್ಲಚ್ ಪ್ಲೇಟ್ ಒರೆಸಿ ಮತ್ತೆ ಕೂರಿಸಿದೆವು. ಒಂದೂವರೆ ದಿನದ ಕೆಲಸ. ಸೀಲಿನ ಬೆಲೆ ದೊಡ್ಡದಲ್ಲ, ಕೂಲಿಯೇ ಜಾಸ್ತಿ.

ತಪ್ಪು ಇಲ್ಲೇ ಆಗಿದ್ದು. ಎಂಟು ತಿಂಗಳಲ್ಲಿ ಎರಡು ಪ್ಯಾಕಿಂಗ್ ಅನ್ನುವ ಮಾತನ್ನು ನಾನು ಕೇಳಿಸಿಕೊಂಡಿದ್ದೆ, ಯೋಚಿಸಿರಲಿಲ್ಲ. ಗ್ಯಾರೇಜಿನ ಹುಡುಗನಿಗೆ "ಪಿಸಿವಿ ವಾಲ್ವ್ ಒಂದ್ಸಲ ನೋಡೋ" ಅಂದೆ. ಇಂಜಿನ್ ಒಳಗಿನ ಕೆಟ್ಟ ಗಾಳಿಯನ್ನು ಹೊರಗೆ ಬಿಡುವ ವಾಲ್ವ್ ಅದು. ಅವನು ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದ, ಟಕಟಕ ಅಂತು. ಅಂದರೆ ಒಳಗಿನ ಪಿನ್ನು ಆಡುತ್ತಿದೆ, ಜಾಮ್ ಆಗಿಲ್ಲ. ಅದಕ್ಕೆ ಸೇರುವ ಹೋಸಿಗೆ ಕಂಪ್ರೆಸರ್ ಗಾಳಿ ಹೊಡೆದ, ಆ ಕಡೆಯಿಂದ ಬಂತು. ಎರಡೂ ಪಾಸ್. ಮುಚ್ಚಿ ಕಳಿಸಿದೆವು.

ಹತ್ತೊಂಬತ್ತನೇ ದಿನ

ಹತ್ತೊಂಬತ್ತನೇ ದಿನಕ್ಕೆ ಕಾರು ವಾಪಸ್. ಅದೇ ಜಾಗದಲ್ಲಿ ಎಣ್ಣೆ. ಈ ಸಲ ಇನ್ನೊಂದು ವಿಷಯವೂ ಇತ್ತು: ಎಣ್ಣೆಯ ಮಟ್ಟ ನೋಡುವ ಆಯಿಲ್ ಗೇಜ್ ಕಡ್ಡಿ ತನ್ನ ಜಾಗದಿಂದ ಎರಡು ಬೆರಳಷ್ಟು ಮೇಲೆ ಎದ್ದು ನಿಂತಿತ್ತು. ಸುತ್ತಲೂ ಎಣ್ಣೆ ಸಿಡಿದಿತ್ತು.

ಹೊಸ ಸೀಲಿನಲ್ಲೇ ಡಿಫೆಕ್ಟ್ ಇರಬಹುದು ಅಂತ ಹೇಳೋಕೆ ನಾನು ಬಾಯಿ ತೆಗೆದಿದ್ದೆ. ಸುಲಭದ ಉತ್ತರ ಅದು. ಅಂಗಡಿಯವನ ಮೇಲೆ ಹಾಕಿದರೆ ಮುಗೀತು, ಅಲ್ವಾ. ಮೇಷ್ಟ್ರು ಸಿಟ್ಟು ಮಾಡಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಕೇಳಿದರು: "ಒಂದ್ ಮಾತ್ ಹೇಳ್ರಿ. ಸೀಲ್ ಹೋಗಿದ್ದಕ್ಕ ಎಣ್ಣಿ ಬಂತಾ, ಎಣ್ಣಿ ನೂಕಿದ್ದಕ್ಕ ಸೀಲ್ ಹೋತಾ?"

ನಾನು ಆ ಕಡ್ಡಿಯನ್ನು ನೋಡಿದೆ. ಸೀಲ್ ಕೆಟ್ಟರೆ ಕಡ್ಡಿ ಏಳೋದಿಲ್ಲ. ಒಳಗಿನಿಂದ ಏನೋ ತಳ್ಳಿದರೆ ಮಾತ್ರ ಏಳುತ್ತೆ.

ಇಲ್ಲಿ ಇಂಜಿನ್ ಉಸಿರಾಡುವ ರೀತಿ ಒಂಚೂರು ಹೇಳಬೇಕು. ಪಿಸ್ಟನ್ ಮೇಲೆ ಪೆಟ್ರೋಲ್ ಉರಿದಾಗ ಸ್ವಲ್ಪ ಗಾಳಿ ರಿಂಗುಗಳ ಪಕ್ಕದಿಂದ ನುಸುಳಿ ಕೆಳಗೆ, ಕ್ರ್ಯಾಂಕ್ ತಿರುಗುವ ಜಾಗಕ್ಕೆ ಇಳಿಯುತ್ತೆ. ಹೊಚ್ಚ ಹೊಸ ಇಂಜಿನ್‌ನಲ್ಲೂ ಇಳಿಯುತ್ತೆ. ನಮ್ಮ ಕಡೆ ಇದನ್ನು ಬ್ಯಾಕ್ ಕಂಪ್ರೆಷನ್ ಅಂತೀವಿ. ಆ ಗಾಳಿ ಹೊರಗೆ ಹೋಗಬೇಕು. ಹಳೆ ಕಾಲದ ಇಂಜಿನ್‌ಗಳಲ್ಲಿ ಒಂದು ಪೈಪಿಟ್ಟು ಸೀದಾ ರಸ್ತೆಗೆ ಬಿಡುತ್ತಿದ್ದರು. ಹೊಗೆಯ ಕಾಟ ಜಾಸ್ತಿಯಾಗಿ, ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಮೊದಲಲ್ಲೇ ಅದನ್ನು ಮತ್ತೆ ಇಂಜಿನ್ನಿಗೇ ಕುಡಿಸಬೇಕು ಅಂತ ನಿಯಮ ಮಾಡಿದರು. ಈಗ ನಮ್ಮ ಪೆಟ್ರೋಲ್ ಕಾರುಗಳಲ್ಲೂ ಅದೇ ವ್ಯವಸ್ಥೆ.

ಎರಡು ದಾರಿ ಇರುತ್ತೆ. ಪಿಸಿವಿ ವಾಲ್ವಿನಿಂದ ಒಂದು ಹೋಸ್ ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ ಹೋಗುತ್ತೆ. ಇಂಜಿನ್ನಿನ ಎಳೆತವೇ ಕೆಟ್ಟ ಗಾಳಿಯನ್ನು ಎಳೆದುಕೊಳ್ಳುತ್ತೆ. ಇನ್ನೊಂದು ಬ್ರೀದರ್ ಪೈಪ್, ಏರ್ ಫಿಲ್ಟರ್ ದಾಟಿದ ಮೇಲಿನ ಗಾಳಿ ಪೈಪಿನಿಂದ ಟ್ಯಾಪೆಟ್ ಕವರಿಗೆ ಬರುತ್ತೆ. ಸುಮ್ಮನೆ ಓಡುವಾಗ ಇದರಿಂದ ಶುದ್ಧ ಗಾಳಿ ಒಳಗೆ ಬರುತ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡಿನಲ್ಲಿ ಎಳೆತವೇ ಇರೋದಿಲ್ಲ. ಆಗ ಇದೇ ಪೈಪಿನಲ್ಲಿ ಗಾಳಿ ತಿರುಗಿ ಹೊರಗೆ ಹೋಗುತ್ತೆ. ಹಾಗಾಗಿ ಒಂದು ದಾರಿ ಮುಚ್ಚಿದರೂ ಇನ್ನೊಂದರಲ್ಲಿ ಹೇಗೋ ನಡೆಯುತ್ತೆ. ಸಾಮಾನ್ಯವಾಗಿ ಎರಡೂ ಮುಚ್ಚಿದರೇ ಕಡ್ಡಿ ಏಳೋದು.

ಅಂದರೆ ನಾನು ಎರಡನ್ನೂ ಹುಡುಕಬೇಕಿತ್ತು.

ಗೌಂಡಿಯ ಪೈಪು

ಮೊದಲು ಇಂಜಿನ್ ಸ್ಟಾರ್ಟ್ ಮಾಡಿ ಆಯಿಲ್ ಹಾಕುವ ಮುಚ್ಚಳ ತೆಗೆದೆ. ಆ ಬಾಯಿಗೆ ಖಾಲಿ ಹಾಲಿನ ಕವರ್ ಹಿಡಿದೆ. ಸರಿ ಇರುವ ಪೆಟ್ರೋಲ್ ಇಂಜಿನ್ ಅದನ್ನು ಒಳಕ್ಕೆ ಎಳೆದುಕೊಳ್ಳಬೇಕು. ಇಲ್ಲಿ ಪೂರಿ ಉಬ್ಬಿದ ಹಾಗೆ ಉಬ್ಬಿತು.

ಆದರೆ ಉಬ್ಬಿತು ಅಂದರೆ ಎಷ್ಟು? ರಿಂಗ್ ಹೋದರೂ ಉಬ್ಬುತ್ತೆ, ದಾರಿ ಕಟ್ಟಿದರೂ ಉಬ್ಬುತ್ತೆ. ಮಾಮೂಲಿಯಾಗಿ ಇಲ್ಲೇ ಇಂಜಿನ್ ಬೋರ್‌ಗೆ ಬಂದಿದೆ, ಸಿಲಿಂಡರ್ ಸವೆದಿದೆ ಅಂತ ಹೇಳಿ ಪೂರ್ತಿ ಬಿಚ್ಚಿಬಿಡೋದು. ನನಗೆ ಈ ಸಲ ಅಳತೆ ಬೇಕಿತ್ತು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು. ಹುಡುಗನನ್ನು ಕಳಿಸಿ ಗೌಂಡಿಯ ಲೆವೆಲ್ ಪೈಪು ತರಿಸಿದೆ, ಗೋಡೆ ಮಟ್ಟ ನೋಡೋಕೆ ನೀರು ತುಂಬಿ ಹಿಡಿಯುತ್ತಾರಲ್ಲ, ಆ ಪಾರದರ್ಶಕ ಪೈಪು. ಅದನ್ನು ಒಂದು ಹಲಗೆಗೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಕಟ್ಟಿದೆವು. ಪಕ್ಕದಲ್ಲಿ ಟೇಪ್ ಅಂಟಿಸಿದೆವು. ಕಾಣಲಿ ಅಂತ ನೀರಿಗೆ ಒಂದು ಮುಚ್ಚಳ ಹಸಿರು ಕೂಲೆಂಟ್. ಒಂದು ತುದಿಯನ್ನು ಗೇಜ್ ಕಡ್ಡಿಯ ಕೊಳವೆಗೆ ಬಿಗಿಯಾಗಿ ಸಿಕ್ಕಿಸಿದೆವು, ಇನ್ನೊಂದು ತುದಿ ಗಾಳಿಗೆ. ಯು ಆಕಾರದ ಎರಡೂ ಕಾಲು ಒಂದು ಮೀಟರಾದರೂ ಎತ್ತರ ಇರಬೇಕು, ಇಲ್ಲದಿದ್ದರೆ ಇಂಜಿನ್ ಜೋರಾಗಿ ಎಳೆದರೆ ನೀರು ಒಳಗೆ ಹೋಗುತ್ತೆ.

ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ, ಎರಡು ನೀರಿನ ಮಟ್ಟದ ನಡುವೆ ವ್ಯತ್ಯಾಸ 90 ಮಿಲಿಮೀಟರ್, ಹೊರಕ್ಕೆ. 2500 ಆರ್‌ಪಿಎಂಗೆ 210. ಅಂಗಳದಲ್ಲಿ ಇದೇ ಮಾಡೆಲಿನ ಇನ್ನೊಂದು ಕಾರು ಸರ್ವಿಸಿಗೆ ನಿಂತಿತ್ತು. ಅದಕ್ಕೂ ಹಾಕಿ ನೋಡಿದೆವು: ಐಡಲ್‌ನಲ್ಲಿ 40 ಮಿಲಿಮೀಟರ್ ಒಳಕ್ಕೆ ಎಳೆಯುತ್ತಿತ್ತು. ಒಂದು ತಳ್ಳುತ್ತಿದೆ, ಒಂದು ಎಳೆಯುತ್ತಿದೆ. ಹುಡುಗನಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ.

100 ಮಿಲಿಮೀಟರ್ ನೀರು ಅಂದರೆ ಲೆಕ್ಕಕ್ಕೆ ಸಣ್ಣದು, ಒಂದು ಕಿಲೋಪ್ಯಾಸ್ಕಲ್ ಕೂಡ ಆಗೋದಿಲ್ಲ. ಟೈರಿಗೆ ಹೊಡೆಸುವ 33 ಪಿಎಸ್‌ಐ ಮುಂದೆ ಇನ್ನೂರರಲ್ಲಿ ಒಂದು ಪಾಲೂ ಅಲ್ಲ. ಇಷ್ಟಕ್ಕೆ ಸೀಲ್ ಸೋಲುತ್ತಾ ಅಂತ ಮೇಷ್ಟ್ರು ಕೇಳಿದರು. ಕ್ರ್ಯಾಂಕ್ ಸೀಲನ್ನು ಮಾಡಿರೋದು ಎರಚುವ ಎಣ್ಣೆಯನ್ನು ತಡೆಯೋಕೆ, ಹಗಲೂ ರಾತ್ರಿ ಒತ್ತುವ ಗಾಳಿಯನ್ನು ತಡೆಯೋಕಲ್ಲ. ಒಳಗಿನ ಎಳೆತ ಅದರ ತುಟಿಗೆ ನೆರವಾಗುತ್ತೆ. ಎಳೆತ ಹೋಗಿ ತಳ್ಳುವಿಕೆ ಬಂದರೆ ತುಟಿಗೆ ಅಂಟಿದ ಎಣ್ಣೆ ಹನಿಹನಿಯಾಗಿ ಹೊರಗೆ ನಡೆಯುತ್ತೆ. ಮೇಲಿನ ಪ್ಯಾಕಿಂಗ್ ಗಟ್ಟಿ ಮಾಡಿದಷ್ಟೂ ಕೆಳಗಿನ ಸೀಲಿಗೆ ಹೊರೆ ಜಾಸ್ತಿ. ಮೊದಲ ಗ್ಯಾರೇಜಿನವರ ಸಿಲಿಕಾನ್ ಲೀಕನ್ನು ನಿಲ್ಲಿಸಿರಲಿಲ್ಲ, ಜಾಗ ಬದಲಿಸಿತ್ತು. ನನ್ನ ಹೊಸ ಸೀಲಿನಿಂದಾಗಿ ಕಡ್ಡಿ ಎದ್ದಿದ್ದೂ ಹಾಗೇ.

ಮುಚ್ಚಿದ ಮೊದಲ ದಾರಿ

ಬ್ರೀದರ್ ಪೈಪನ್ನು ಬೆರಳಲ್ಲಿ ಹಿಡಿದು ಹಿಂಬಾಲಿಸಿದೆ. ಅದು ಗಾಳಿ ಪೈಪಿಗೆ ಹೋಗಬೇಕಿತ್ತು. ಹೋಗಿರಲಿಲ್ಲ. ಇಂಜಿನ್ ಹಿಂದೆ, ಕೈ ಮಾತ್ರ ಹೋಗುವ ಸಂದಿಯಲ್ಲಿ ಅದನ್ನು ಕೆಳಕ್ಕೆ ಬಗ್ಗಿಸಿ, ತುದಿಗೆ ಬೈಕಿಗೆ ಹಾಕುವಂಥ ಒಂದು ಸಣ್ಣ ಸ್ಪಂಜಿನ ಫಿಲ್ಟರ್ ಕಟ್ಟಿದ್ದರು. ಹೊರಗೆ ತೆಗೆದಾಗ ಅದು ಫಿಲ್ಟರ್ ಅಂತ ಹೇಳೋಕೇ ಆಗುತ್ತಿರಲಿಲ್ಲ. ಎಣ್ಣೆಯ ಹಬೆಯೂ ಅದಿರಿನ ಧೂಳೂ ಸೇರಿ ಒಣಗಿದ ಕೆಮ್ಮಣ್ಣಿನ ಉಂಡೆಯಾಗಿತ್ತು. ಅದರಲ್ಲಿ ನೀರಿರಲಿ, ಗಾಳಿಯೂ ಹೋಗುತ್ತಿರಲಿಲ್ಲ.

ಮೇಷ್ಟ್ರಿಗೆ ಆಗ ನೆನಪಾಯಿತು. ಒಂದು ವರ್ಷದ ಹಿಂದೆ ಏರ್ ಫಿಲ್ಟರ್ ಡಬ್ಬಿಯಲ್ಲಿ ಎಣ್ಣೆ ಬರುತ್ತಿದೆ ಅಂತ ತೋರಿಸಿದಾಗ ಯಾರೋ ಹತ್ತು ನಿಮಿಷದಲ್ಲಿ ಸರಿ ಮಾಡಿ ಕೊಟ್ಟಿದ್ದರಂತೆ. ಸರಿ ಮಾಡಿದ್ದು ಹೀಗೆ.

ಉಂಡೆ ಬಿಚ್ಚಿದ ಕೂಡಲೇ ಪೈಪಿನ ನೀರು ಇಳಿಯಿತು. ಐಡಲ್‌ನಲ್ಲಿ 90 ಇದ್ದದ್ದು 10ಕ್ಕೆ ಬಂತು. ಹುಡುಗ ಖುಷಿಯಾಗಿ, "ಅಣ್ಣಾ, ಇನ್ನ ಹಿಂಗೇ ಬಿಟ್ರ ಸಾಕಲ್ಲ" ಅಂದ.

ಇದು ಈ ಪ್ರಕರಣದ ನಿಜವಾದ ಕವಲು. ಬಿಟ್ಟಿದ್ದರೆ ಲೀಕ್ ಅವತ್ತೇ ನಿಲ್ಲುತ್ತಿತ್ತು, ಮೇಷ್ಟ್ರು ಸಂತೋಷವಾಗಿ ಹೋಗುತ್ತಿದ್ದರು. ನಮ್ಮ ಸುತ್ತಮುತ್ತ ಎಷ್ಟೋ ಗಾಡಿ ಬ್ರೀದರ್ ಪೈಪ್ ಹೊರಗೆ ನೇತುಹಾಕಿಕೊಂಡೇ ಓಡುತ್ತಿವೆ. ನಾನು ಬೇಡ ಅಂದದ್ದಕ್ಕೆ ಎರಡು ಕಾರಣ. ಮೊದಲನೆಯದು, ಭಾರತ್ ಸ್ಟೇಜ್ ನಿಯಮದಲ್ಲಿ ಪೆಟ್ರೋಲ್ ಕಾರಿನ ಈ ಗಾಳಿಯನ್ನು ಹೊರಗೆ ಬಿಡುವ ಹಾಗಿಲ್ಲ. ಎರಡನೆಯದು ನನ್ನ ಕೈಯಲ್ಲೇ ಇತ್ತು, ಆ ಕೆಂಪು ಉಂಡೆ. ಇಂಜಿನ್ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ಗುತ್ತೆ, ಹೊರಗಿನದನ್ನು ಎಳೆದುಕೊಳ್ಳುತ್ತೆ. ನಾಳೆ ಪಿಸಿವಿ ಸರಿಯಾಗಿ ಎಳೆಯೋಕೆ ಶುರುಮಾಡಿದರಂತೂ ಆ ತೆರೆದ ಬಾಯಿಂದ ಫಿಲ್ಟರ್ ಕಾಣದ ಧೂಳು ಸೀದಾ ಎಣ್ಣೆಗೆ. ಬೆಂಗಳೂರಿನ ರಸ್ತೆಗೆ ನಡೆಯುವ ಜುಗಾಡ್ ಸಂಡೂರಿನ ರಸ್ತೆಗೆ ನಡೆಯೋದಿಲ್ಲ.

ಗಾಳಿ ಪೈಪಿನ ಕಡೆ ನೋಡಿದೆ. ಬ್ರೀದರ್ ಸೇರಬೇಕಿದ್ದ ತೂತಿಗೆ ಒಂದು ರಬ್ಬರ್ ಬಿರಡೆ ತುರುಕಿದ್ದರು. ಬಿಸಿಲಿಗೆ ಅದು ಸೊರಗಿ ಸಡಿಲವಾಗಿತ್ತು, ಬೆರಳು ತಾಗಿಸಿದರೆ ತಿರುಗುತ್ತಿತ್ತು. ತೂತಿನಿಂದ ಥ್ರಾಟಲ್ ಬಾಡಿಯವರೆಗೆ ಪೈಪಿನ ಒಳಗೋಡೆಯಲ್ಲಿ ಕೆಂಪು ಗೆರೆ. ಏರ್ ಫಿಲ್ಟರ್ ಎಷ್ಟೇ ಹೊಸದಿದ್ದರೂ ಅದನ್ನು ದಾಟಿದ ಮೇಲೆ ಒಂದು ಕಿಂಡಿ ತೆರೆದಿದ್ದರೆ ಏನು ಬಂತು?

ಎರಡನೇ ದಾರಿ

ಬ್ರೀದರನ್ನು ಅದರ ಜಾಗಕ್ಕೆ ಸೇರಿಸಿದೆವು. ನೀರು 15 ಮಿಲಿಮೀಟರ್, ಇನ್ನೂ ಹೊರಕ್ಕೇ. ಎಳೆಯಬೇಕಿತ್ತು, ಎಳೆಯುತ್ತಿಲ್ಲ. ಪಿಸಿವಿ ವಾಲ್ವನ್ನು ಕವರಿನಿಂದ ಕಿತ್ತು ಕೆಳಬಾಯಿಗೆ ಬೆರಳಿಟ್ಟೆ. ಬೆರಳು ಅಂಟಿಕೊಳ್ಳಬೇಕು. ಏನೂ ಇಲ್ಲ. ಆದರೆ ವಾಲ್ವ್ ಟಕಟಕ ಅನ್ನುತ್ತಿದೆ, ಹೋಸಿನಲ್ಲಿ ಗಾಳಿ ಹೋಗುತ್ತಿದೆ. ಹದಿನೈದು ನಿಮಿಷ ಸುಮ್ನೆ ನಿಂತೆ.

ಕೊನೆಗೆ ಹುಡುಗ ಹೋಸ್ ತೆಗೆದು ಒರೆಸಿ, ಬಾಯಿಗಿಟ್ಟು ಊದಿದ. ಹೋಯಿತು. ಹಾಗೇ ಬಾಯಲ್ಲೇ ಇಟ್ಟುಕೊಂಡು ಉಸಿರು ಎಳೆದ. ಅವನ ಕೆನ್ನೆ ಒಳಕ್ಕೆ ಹೋಯಿತು, ಕಣ್ಣು ದೊಡ್ಡದಾಯಿತು. "ಅಣ್ಣಾ, ಊದಿದ್ರ ಹೋಕ್ಕೈತಿ, ಜಗ್ಗಿದ್ರ ಬರವಲ್ದು!"

ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಗಿನ ಪದರ ಕಪ್ಪಗೆ, ಗಟ್ಟಿಯಾಗಿ, ಚೆನ್ನಾಗೇ ಇತ್ತು. ಒಳಗಿನ ಪದರ ಎಣ್ಣೆ ಕುಡಿದು, ಊದಿಕೊಂಡು, ಅಂಟು ಬಿಟ್ಟು ನಾಲಿಗೆಯ ಹಾಗೆ ಎದ್ದಿತ್ತು. ಒಂದು ಕಡೆಯಿಂದ ಗಾಳಿ ಹೊಡೆದರೆ ನಾಲಿಗೆ ಗೋಡೆಗೆ ಅಂಟಿ ದಾರಿ ಬಿಡುತ್ತೆ. ಮ್ಯಾನಿಫೋಲ್ಡ್ ಕಡೆಯಿಂದ ಎಳೆದರೆ ಎದ್ದು ಬಾಯಿ ಮುಚ್ಚುತ್ತೆ. ನಾವು ಕಂಪ್ರೆಸರ್ ಗಾಳಿಯಿಂದ ಪರೀಕ್ಷೆ ಮಾಡಿದ್ದು ತಿರುಗಾಮುರುಗಾ ಪರೀಕ್ಷೆ. ಹೋಸಿನ ಕೆಲಸ ಎಳೆಸಿಕೊಳ್ಳೋದು. ಅದನ್ನು ಊದಿ ಪಾಸ್ ಮಾಡಿದ್ದೆವು. ಅವತ್ತಿನಿಂದ ನಮ್ಮಲ್ಲಿ ಪಿಸಿವಿ ಹೋಸನ್ನು ಯಾರೂ ಗಾಳಿ ಹೊಡೆದು ನೋಡೋದಿಲ್ಲ. ಇಂಜಿನ್ ಬಿಸಿ ಇರುವಾಗ, ಓಡುತ್ತಿರುವಾಗ, ವಾಲ್ವಿನ ಬಾಯಿಗೆ ಬೆರಳಿಟ್ಟು ನೋಡುತ್ತಾರೆ.

ಕಥೆ ಆಗ ಹಿಂದಿನಿಂದ ಮುಂದಕ್ಕೆ ಜೋಡಿಸಿಕೊಂಡಿತು. ಮೊದಲು ಹೋಸ್ ಕೆಟ್ಟಿತು. ಗಾಳಿಯೆಲ್ಲ ಬ್ರೀದರಿನಲ್ಲಿ ತಿರುಗಿ ಬಂದು ಏರ್ ಫಿಲ್ಟರ್ ಡಬ್ಬಿಗೆ ಎಣ್ಣೆ ತಂದಿತು. ಯಾರೋ ಬ್ರೀದರ್ ಕಿತ್ತು ಹೊರಗೆ ಬಿಟ್ಟರು. ಧೂಳು ಅದನ್ನೂ ಮುಚ್ಚಿತು. ಆಮೇಲೆ ಪ್ಯಾಕಿಂಗ್, ಆಮೇಲೆ ಸೀಲ್, ಆಮೇಲೆ ಕಡ್ಡಿ.

ಅಂಗಡಿಯಲ್ಲಿ ಅದೇ ದಪ್ಪದ ನೀರಿನ ಹೋಸ್ ಕೊಡೋಕೆ ಬಂದರು. ಬೇಡ ಅಂದೆ. ರೇಡಿಯೇಟರ್ ನೀರಿನ ಹೋಸ್ ಎಣ್ಣೆಯ ಹಬೆಗೆ ತಡೆಯೋದಿಲ್ಲ, ಇದೇ ಕಥೆ ಮತ್ತೆ. ಕಂಪನಿಯದ್ದು ಬರೋಕೆ ನಾಲ್ಕು ದಿನ ಆಯಿತು. ಮೇಷ್ಟ್ರು ನಾಲ್ಕು ದಿನ ಬಸ್ಸಿನಲ್ಲಿ ಹೋದರು. ಜೊತೆಗೆ ಹೊಸ ಪಿಸಿವಿ ವಾಲ್ವೂ ಹಾಕಿದೆವು, ಹಳೆಯದು ಚೆನ್ನಾಗಿದ್ದರೂ. ಅದು ನನ್ನ ಸಮಾಧಾನಕ್ಕೆ.

ಏನಾಯಿತು

ಹೊಸ ಹೋಸ್ ಹಾಕಿದ ಮೇಲೆ ಐಡಲ್‌ನಲ್ಲಿ 35 ಮಿಲಿಮೀಟರ್ ಒಳಕ್ಕೆ. 2500ರಲ್ಲಿ 10 ಒಳಕ್ಕೆ. ಪೂರ್ತಿ ಲೋಡಿನಲ್ಲಿ ಏನಾಗುತ್ತೆ ಅಂತಲೂ ನೋಡಬೇಕಿತ್ತು. ಪೈಪನ್ನು ಕಿಟಕಿಯಿಂದ ಒಳಗೆ ತಂದು, ಹಲಗೆಯನ್ನು ಹುಡುಗನ ತೊಡೆ ಮೇಲೆ ನಿಲ್ಲಿಸಿ, ಸಂಡೂರಿನ ಏರಿನಲ್ಲಿ ಮೂರನೇ ಗೇರಿಗೆ ಪೂರ್ತಿ ಆಕ್ಸಿಲರೇಟರ್ ಒತ್ತಿದೆ. 25 ಮಿಲಿಮೀಟರ್ ಹೊರಕ್ಕೆ ಅಂತ ಅವನು ಕೂಗಿದ. ನಾನು ಇನ್ನೂ ಕಡಿಮೆ ಇರಬಹುದು ಅಂದುಕೊಂಡಿದ್ದೆ.

ವಾಪಸ್ ಬಂದು ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರೂ ಗಾಳಿಯನ್ನು ಎಷ್ಟು ಒತ್ತುತ್ತೆ ಅನ್ನೋದನ್ನು ನೋಡಿದೆವು. 165, 160, 138, 162 ಪಿಎಸ್‌ಐ. ಮೂರನೇ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದಾಗ 158ಕ್ಕೆ ಏರಿತು. ಎಣ್ಣೆಗೆ ಏರಿದರೆ ರಿಂಗ್, ಏರದಿದ್ದರೆ ಸಿಲಿಂಡರಿನ ವಾಲ್ವ್. ಇದು ರಿಂಗ್. ಹಳೆ ಆಯಿಲ್ ಫಿಲ್ಟರ್ ಸೀಳಿ ಮಡಿಕೆ ಬಿಡಿಸಿದೆ. ಬೆರಳಲ್ಲಿ ತಿಕ್ಕಿದರೆ ಸಣ್ಣ ಮರಳಿನ ಹಾಗೆ ಕೆರೆಯುವ ಕೆಂಪು ಕೆಸರು. ಮ್ಯಾಗ್ನೆಟ್ ಹಿಡಿದೆ, ಹೆಚ್ಚೇನೂ ಅಂಟಲಿಲ್ಲ. ಇಂಜಿನ್ನಿನ ಸವೆದ ಕಬ್ಬಿಣ ಆಗಿದ್ದರೆ ಅಂಟುತ್ತಿತ್ತು. ಸಂಡೂರಿನ ಹೆಮಟೈಟ್ ಅದಿರು ಮ್ಯಾಗ್ನೆಟ್ಟಿಗೆ ಅಷ್ಟಾಗಿ ಬರೋದಿಲ್ಲ. ಧೂಳು ಬಂದದ್ದು ಆ ಸಡಿಲ ಬಿರಡೆಯ ತೂತಿನಿಂದ ಅನ್ನೋದು ನನ್ನ ಲೆಕ್ಕ.

ಹಾಗಾದರೆ ಇಂಜಿನ್ ಬಿಚ್ಚಬೇಕಾ? ಮೇಷ್ಟ್ರು ಅದಕ್ಕೆ ತಯಾರಾಗೇ ಇದ್ದರು. ನಾನು ಬೇಡ ಅಂದೆ. ಒಂದು ಸಿಲಿಂಡರ್ ಸ್ವಲ್ಪ ಸವೆದಿದೆ, ದಾರಿ ತೆರೆದಿದ್ದರೆ ಅಷ್ಟು ಗಾಳಿಯನ್ನು ಪಿಸಿವಿ ನಿಭಾಯಿಸುತ್ತೆ. ಸೀಲನ್ನೂ ಮತ್ತೆ ಬಿಚ್ಚಲಿಲ್ಲ. ಇದಕ್ಕೆ ಹುಡುಗ ಒಪ್ಪಲಿಲ್ಲ, ಲೀಕ್ ಆದ ಸೀಲ್ ಲೀಕ್ ಆದದ್ದೇ ಅಂದ. ತಳ್ಳಾಟ ನಿಂತ ಮೇಲೆ ತುಟಿ ಮತ್ತೆ ಕೂರುತ್ತಾ ನೋಡೋಣ ಅಂತ ನಾನು.

ಕೆಳಗೆಲ್ಲ ತೊಳೆದು ಒಣಗಿಸಿದೆವು. ಲೀಕ್ ಹಿಡಿಯೋಕೆ ಮೇಲೆ ಪುಡಿ ಉದುರಿಸಬೇಕು, ಎಣ್ಣೆ ಹನಿದ ಕಡೆ ಗೆರೆ ಮೂಡುತ್ತೆ. ನಾವು ಮುಖಕ್ಕೆ ಹಾಕುವ ಪೌಡರ್ ಬಳಸುತ್ತೇವೆ. ಮೇಷ್ಟ್ರು ಜೇಬಿನಿಂದ ಎರಡು ಸೀಮೆಸುಣ್ಣ ತೆಗೆದು ಕೊಟ್ಟರು. ಕುಟ್ಟಿ ಉದುರಿಸಿದೆವು.

600 ಕಿಲೋಮೀಟರ್ ಆದ ಮೇಲೆ ಬಂದರು. ಗೇರ್‌ಬಾಕ್ಸ್ ಸೇರುವ ಜಾಗ ಬೆಳ್ಳಗೇ ಇತ್ತು. ಟ್ಯಾಪೆಟ್ ಕವರಿನ ಒಂದು ಮೂಲೆಯಲ್ಲಿ ಮಾತ್ರ ಬೂದು ಗೆರೆ. ಅಲ್ಲಿ ಬೋಲ್ಟ್ ಬಿಗಿದು ಬಿಗಿದು ಪ್ಯಾಕಿಂಗನ್ನೇ ಹಿಂಡಿದ್ದರು. ಕವರ್ ತೆಗೆದು ಹಳೆ ಸಿಲಿಕಾನ್ ಕೆರೆದೆವು. ಒಳಗೆ ಅದರ ತುಣುಕುಗಳು ತೇಲುತ್ತಿದ್ದವು. ಅವು ಚೇಂಬರಿಗೆ, ಅಂದರೆ ಇಂಜಿನ್ ತಳದ ಎಣ್ಣೆ ತೊಟ್ಟಿಗೆ ಇಳಿದು ಎಣ್ಣೆ ಹೀರುವ ಜಾಲರಿಗೆ ಸಿಕ್ಕಿಕೊಂಡರೆ ಲೀಕಿಗಿಂತ ದೊಡ್ಡ ಕಥೆ. ಚೇಂಬರ್ ಇಳಿಸಿ ಜಾಲರಿಯನ್ನೂ ತೊಳೆದೆವು. ಹೊಸ ಪ್ಯಾಕಿಂಗ್ ಒಣದಾಗಿ, ಪೇಸ್ಟ್ ಇಲ್ಲದೆ ಕೂತಿತು.

ದುಡ್ಡಿನ ವಿಷಯ: ಸೀಲಿಗೆ ತಗೊಂಡಿದ್ದ ಕೂಲಿಯಲ್ಲಿ ಅರ್ಧ ವಾಪಸ್ ಕೊಟ್ಟೆ. ಪೂರ್ತಿ ಕೊಡಬೇಕಿತ್ತಾ ಅಂತ ಇನ್ನೂ ಯೋಚನೆ ಬರುತ್ತೆ. ಹಳೆ ಸೀಲೂ ಗಟ್ಟಿಯಾಗಿತ್ತು ನಿಜ. ಆದರೆ ಅವತ್ತೇ ಹಾಲಿನ ಕವರ್ ಹಿಡಿದಿದ್ದರೆ ಗೇರ್‌ಬಾಕ್ಸ್ ಇಳಿಸುವ ಮಾತೇ ಬರುತ್ತಿರಲಿಲ್ಲವೇನೋ. ಈಗ ಯಾವ ಗಾಡಿ ಆಯಿಲ್ ಲೀಕ್ ಅಂತ ಬಂದರೂ ಸ್ಪ್ಯಾನರ್ ಮುಟ್ಟುವ ಮೊದಲು ಆ ಹಲಗೆ ಬರುತ್ತೆ. ಎರಡು ನಿಮಿಷದ ಕೆಲಸ. ಎಳೆಯುತ್ತಿದ್ದರೆ ಸೀಲಿನ ಕಡೆ ಹೋಗುತ್ತೇವೆ, ತಳ್ಳುತ್ತಿದ್ದರೆ ಉಸಿರಿನ ದಾರಿಯ ಕಡೆ. ಡೀಸೆಲ್ ಗಾಡಿಗೆ ಮಾತ್ರ ಲೆಕ್ಕ ಬೇರೆ. ಅವುಗಳಲ್ಲಿ ಮ್ಯಾನಿಫೋಲ್ಡಿನ ಎಳೆತ ಪೆಟ್ರೋಲಿನಷ್ಟು ಇರೋದಿಲ್ಲ, ಹಾಗಾಗಿ ಎಳೆಯುತ್ತಿಲ್ಲ ಅಂದ ಮಾತ್ರಕ್ಕೆ ಕೆಟ್ಟಿದೆ ಅನ್ನುವ ಹಾಗಿಲ್ಲ. ಅದೇ ಮಾಡೆಲಿನ ಒಳ್ಳೆ ಗಾಡಿಯ ಜೊತೆ ಹೋಲಿಸಿಯೇ ಹೇಳಬೇಕು.

ಮೇಷ್ಟ್ರ ಕಾರು 5,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಿಕೊಳ್ಳೋಕೆ ಬರುತ್ತೆ. ಮೊದಲು ಸಾವಿರ ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಲೀಟರ್ ಇಳಿಯುತ್ತಿತ್ತು, ಈಗ 300 ಮಿಲಿಲೀಟರ್. ಮೂರನೇ ಸಿಲಿಂಡರ್ ಹೋದ ಸಲ 136 ತೋರಿಸಿತು. ಅದು 120ಕ್ಕೆ ಇಳಿದ ದಿನ ಬಿಚ್ಚೋಣ ಅಂತ ಇಬ್ಬರೂ ಒಪ್ಪಿದ್ದೇವೆ. ಗೌಂಡಿಗೆ ಹೊಸ ಪೈಪು ಕೊಡಿಸಿದೆ.